ಸ್ತನ ಕ್ಯಾನ್ಸರಿನ ಚಿಕಿತ್ಸೆ ಮುಗಿದ ಮೇಲೆ ಕೌನ್ಸೆಲಿಂಗ್ ಯಾಕೆ?

ಪ್ರಶ್ನೆ: ನನ್ನ ಹೆಂಡತಿಗೆ 47 ವರ್ಷ. ಕಳೆದ ವರ್ಷ ಎಡಬದಿಯ ಸ್ತನ ತೆಗೆದರು. ಮಂಗಳೂರಿನಲ್ಲಿ ಆಪರೇಷನ್, ಕೀಮೋ, ಆಮೇಲೆ ಕರೆಂಟ್ ಕೊಡುವುದು (ರೇಡಿಯೇಷನ್), ಎಲ್ಲ ಮುಗಿಯಿತು. ಈಗ ಟ್ಯಾಮೊಕ್ಸಿಫೆನ್ ಮಾತ್ರೆ ಒಂದೇ. ರಿಪೋರ್ಟ್ ಚೆನ್ನಾಗಿದೆ ಅಂತ ಡಾಕ್ಟರು ಹೇಳುತ್ತಾರೆ. ಆದರೆ ಅವಳು ಮೊದಲಿನ ಹಾಗಿಲ್ಲ. ಮಾತು ಕಮ್ಮಿ. ಮದುವೆ, ಪೂಜೆ ಅಂತ ಎಲ್ಲಿಗೂ ಬರುವುದಿಲ್ಲ. ರಾತ್ರಿ ಎದ್ದು ಕೂತಿರುತ್ತಾಳೆ. ಅವಳಿಗೆ ಆರಾಮವಾಗಿ ನಿದ್ದೆ ಬರಲಿ ಅಂತ ಆಪರೇಷನ್ ಆದಂದಿನಿಂದ ನಾನು ಚಾವಡಿಯಲ್ಲೇ ಮಲಗುವುದು. ಆಸ್ಪತ್ರೆಯಲ್ಲಿ ಕೌನ್ಸೆಲಿಂಗ್ ಮಾಡಿಸಿ ಅಂದರು. ನನ್ನ ಅಣ್ಣ ಮಾತ್ರ, "ಅವಳಿಗೇನು ಮಂಡೆ ಸಮ ಇಲ್ಲವಾ? ಧೈರ್ಯ ತಂದುಕೊಂಡರೆ ಅರ್ಧ ಕಾಯಿಲೆ ಹೋಯಿತು" ಅನ್ನುತ್ತಾರೆ. ಮಾತಾಡಿದರೆ ಕ್ಯಾನ್ಸರಿಗೆ ಏನು ಪ್ರಯೋಜನ? ಇನ್ನೊಂದು ವಿಷಯ. ಎರಡು ವರ್ಷದ ಹಿಂದೆ ಅವಳ ಅಮ್ಮ ತೀರಿಕೊಂಡಾಗ ತುಂಬಾ ಕೊರಗಿದ್ದಳು. ಆ ಕೊರಗಿನಿಂದಲೇ ಇದು ಬಂತಾ? ನಮಗೆ 22 ವರ್ಷದ ಮಗಳಿದ್ದಾಳೆ. ಅವಳ ಮದುವೆ ಮಾತು ಬರುವಾಗ ಈ ಕಾಯಿಲೆ ಅಡ್ಡ ಬರುತ್ತದೋ ಅಂತ ಚಿಂತೆ ಬೇರೆ.
ಒಬ್ಬ ಅಡಿಕೆ ಕೃಷಿಕ, ಬದಿಯಡ್ಕದ ಹತ್ತಿರ, ಕಾಸರಗೋಡು ಜಿಲ್ಲೆ, ಕೇರಳ

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಬಹಳ ಇವೆ. ಆದರೆ ನನ್ನ ಕಣ್ಣು ನಿಂತದ್ದು ನೀವು ಪ್ರಶ್ನೆಯಾಗಿ ಕೇಳದ ಒಂದು ಸಾಲಿನ ಮೇಲೆ. ಚಾವಡಿಯಲ್ಲಿ ಮಲಗುವ ವಿಷಯ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಕೊರಗಿನ ಪ್ರಶ್ನೆ ಮುಗಿಸೋಣ. ಯಾಕೆಂದರೆ ನೀವು ಇದನ್ನು ಕೇಳಿದ್ದೀರಿ ಅಂದರೆ ನಿಮ್ಮ ಹೆಂಡತಿ ನೂರು ಸಲ ತಮ್ಮನ್ನೇ ಕೇಳಿಕೊಂಡಿರುತ್ತಾರೆ.

ಇಲ್ಲ. ಕೊರಗಿನಿಂದ ಸ್ತನ ಕ್ಯಾನ್ಸರ್ ಬಂತು ಅಂತ ಹೇಳಲು ಗಟ್ಟಿ ಆಧಾರ ಇಲ್ಲ. ಇದನ್ನು ಸಾವಿರಾರು ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿ ಹುಡುಕಿದ್ದಾರೆ. ಗಂಡನ ಸಾವು, ವಿಚ್ಛೇದನ, ಕೆಲಸದ ಒತ್ತಡ, ಯಾವುದಕ್ಕೂ ಕ್ಯಾನ್ಸರಿಗೂ ಸರಿಯಾದ ಗಂಟು ಬೀಳಲಿಲ್ಲ. ಗಂಟು ಬಿದ್ದದ್ದು ಬೇರೆಯವಕ್ಕೆ. ವಯಸ್ಸು, ಬೇಗ ಮುಟ್ಟಾಗುವುದು, ತಡವಾಗಿ ಮುಟ್ಟು ನಿಲ್ಲುವುದು, ಮುಟ್ಟು ನಿಂತ ಮೇಲೆ ಏರುವ ತೂಕ, ಮದ್ಯ, ಕೆಲವರಲ್ಲಿ ಬಿಆರ್‌ಸಿಎ 1 ಮತ್ತು 2 ಎಂಬ ಜೀನುಗಳ ದೋಷ. ಇದ್ಯಾವುದೂ ಇಲ್ಲದೆಯೂ ಎಷ್ಟೋ ಜನರಿಗೆ ಬರುತ್ತದೆ. ಮತ್ತೆ, ಕೈಗೆ ಸಿಗುವಷ್ಟು ಗಡ್ಡೆ ಬೆಳೆಯಲು ಸಾಮಾನ್ಯವಾಗಿ ವರ್ಷಗಳೇ ಬೇಕು. ನಿಮ್ಮ ಅತ್ತೆ ತೀರಿಕೊಳ್ಳುವ ಮೊದಲೇ ಅದು ಶುರುವಾಗಿರುವ ಸಾಧ್ಯತೆಯೇ ಜಾಸ್ತಿ. ಅಮ್ಮನಿಗಾಗಿ ಅತ್ತ ತಪ್ಪಿಗೆ ಕ್ಯಾನ್ಸರ್ ಬಂತು ಅಂತ ಯಾರಾದರೂ ಅವರಿಗೆ ಹೇಳಿದ್ದರೆ, ಹಾಗಲ್ಲ ಅಂತ ನೀವೇ ಬಾಯಿ ಬಿಟ್ಟು ಹೇಳಿ.

ನಮ್ಮ ಕಡೆ ಇನ್ನೂ ಎರಡು ಕಾರಣ ಕೇಳಿಬರುತ್ತವೆ. ಒಂದು ಎಂಡೋಸಲ್ಫಾನ್ ಎಂಬ ಕೀಟನಾಶಕ. ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಹೊಡೆದದ್ದನ್ನು ಕಂಡ ಊರು ಇದು. ಸಿಟ್ಟು ಬರುವುದು ಸಹಜ. ಆದರೆ ಒಬ್ಬರ ಒಂದು ಗಡ್ಡೆ ತೋರಿಸಿ "ಇದು ಅದರಿಂದಲೇ" ಅನ್ನಲು ಯಾವ ಡಾಕ್ಟರಿಗೂ ಸಾಧ್ಯವಿಲ್ಲ. ಇನ್ನೊಂದು ನಾಗದೋಷ. ಜ್ಯೋತಿಷಿಯ ಹತ್ತಿರ ಪ್ರಶ್ನೆ ಇಡಿಸುವುದು, ಆಶ್ಲೇಷ ಬಲಿ, ದೈವಕ್ಕೆ ಹರಕೆ, ಇವನ್ನೆಲ್ಲ ಬೇಡ ಅನ್ನುವವಳಲ್ಲ ನಾನು. ಹರಕೆ ಹೇಳಿ ಬಂದ ದಿನ ಸಮಾಧಾನವಾಗಿ ಉಂಡು ಮಲಗಿದವರನ್ನು ನೋಡಿದ್ದೇನೆ. ಆದರೆ ಪ್ರಶ್ನೆಯಲ್ಲಿ "ಈ ಹೆಂಗಸಿನಿಂದ ಆದ ದೋಷ" ಅಂತ ಬಂದರೆ? ಆ ಒಂದು ಮಾತು ವರ್ಷಗಟ್ಟಲೆ ಕೊರೆಯುತ್ತದೆ. ಅಂಥದ್ದೇನಾದರೂ ಆಗಿದೆಯಾ ಅಂತ ಮನೆಯಲ್ಲಿ ವಿಚಾರಿಸಿ. ನೀವಿಲ್ಲದ ಹೊತ್ತಿನಲ್ಲಿ ಆಗಿರಬಹುದು.

ಈಗ ನಿಮ್ಮ ಅಣ್ಣನವರ ಮಾತು. ಧೈರ್ಯ ಇದ್ದರೆ ಅರ್ಧ ಕಾಯಿಲೆ ಹೋಯಿತು ಅನ್ನುವುದು. ಇದರ ಹಿಂದೆ ಒಂದು ಕತೆಯೇ ಇದೆ.

1989ರಲ್ಲಿ ಅಮೆರಿಕದ ಡೇವಿಡ್ ಸ್ಪೀಗೆಲ್ ಎಂಬ ಮನೋವೈದ್ಯರು ಒಂದು ಅಧ್ಯಯನ ಪ್ರಕಟಿಸಿದರು. ಸ್ತನ ಕ್ಯಾನ್ಸರ್ ದೇಹದ ಬೇರೆ ಕಡೆಗೂ ಹರಡಿದ್ದ 86 ಹೆಂಗಸರು. ಎಲ್ಲರಿಗೂ ಮಾಮೂಲಿ ಚಿಕಿತ್ಸೆ. ಅವರಲ್ಲಿ ಕೆಲವರಿಗೆ ಮಾತ್ರ ವಾರಕ್ಕೊಮ್ಮೆ ಒಟ್ಟಿಗೆ ಕೂತು ಮನಸ್ಸು ಬಿಚ್ಚಿ ಮಾತಾಡುವ ಅವಕಾಶ, ಒಂದು ವರ್ಷ. ಮಾತಾಡಿದ ಗುಂಪಿನವರು ಅಧ್ಯಯನಕ್ಕೆ ಸೇರಿದ ಮೇಲೆ ಸರಾಸರಿ 36.6 ತಿಂಗಳು ಬದುಕಿದರು. ಉಳಿದವರು 18.9 ತಿಂಗಳು. ಹೆಚ್ಚುಕಮ್ಮಿ ಎರಡು ಪಟ್ಟು! ಸುದ್ದಿ ಎಲ್ಲ ಕಡೆ ಹಬ್ಬಿತು. ಸ್ಪೀಗೆಲ್ ಸ್ವತಃ ಮನಸ್ಸಿನ ಬಲದಿಂದ ಕ್ಯಾನ್ಸರ್ ಓಡಿಸಬಹುದು ಅಂತ ನಂಬಿದವರಲ್ಲ. ಅವರಿಗೇ ಆಶ್ಚರ್ಯವಾಯಿತು.

ಆಮೇಲೆ ಬೇರೆಯವರು ಮಾಡಿ ನೋಡಿದರು. 2001ರಲ್ಲಿ ಕೆನಡಾದಲ್ಲಿ ಇಂಥದ್ದೇ 235 ಹೆಂಗಸರ ಮೇಲೆ ಅಧ್ಯಯನ ಆಯಿತು. ಗುಂಪಿನಲ್ಲಿ ಮಾತಾಡಿದವರು 17.9 ತಿಂಗಳು, ಮಾತಾಡದವರು 17.6. ಅಂದರೆ ಆಯುಷ್ಯದಲ್ಲಿ ವ್ಯತ್ಯಾಸವೇ ಇಲ್ಲ. 2007ರಲ್ಲಿ ಆಸ್ಟ್ರೇಲಿಯಾದಲ್ಲೂ ಅದೇ. ಅದೇ ವರ್ಷ ಸ್ಪೀಗೆಲ್ ಅವರೇ 125 ಹೆಂಗಸರೊಡನೆ ಮತ್ತೆ ಮಾಡಿದರು. ಒಟ್ಟಾರೆ ನೋಡಿದರೆ ಮೊದಲಿನ ಫಲಿತಾಂಶ ಸಿಗಲಿಲ್ಲ. ಅದನ್ನು ಅವರು ಮುಚ್ಚಿಡದೆ ಪ್ರಕಟಿಸಿದರು. ಆ ಕಾರಣಕ್ಕೆ ನನಗೆ ಆ ಮನುಷ್ಯನ ಮೇಲೆ ಗೌರವ. 2008ರಲ್ಲಿ ಇನ್ನೊಂದು ಅಮೆರಿಕದ ಅಧ್ಯಯನ, ಕಾಯಿಲೆ ಹರಡದ 227 ಹೆಂಗಸರದು, ಮರುಕಳಿಸುವುದು ಕಮ್ಮಿಯಾಯಿತು ಅಂತ ತೋರಿಸಿತು. ಆದರೆ ಅದೊಂದರ ಮೇಲೆ ಮನೆ ಕಟ್ಟಲು ಆಗುವುದಿಲ್ಲ.

ಹಾಗಾಗಿ ಕೌನ್ಸೆಲಿಂಗಿನಿಂದ ಆಯುಷ್ಯ ಹೆಚ್ಚುತ್ತದೆ ಅಂತ ನಿಮಗೆ ನಾನು ಮಾತು ಕೊಡುವುದಿಲ್ಲ. ಕೊಡುವವರನ್ನು ನಂಬಲೂ ಬೇಡಿ. ಆದರೆ ಆ ಕೆನಡಾದ ಅಧ್ಯಯನದಲ್ಲೇ ಇನ್ನೊಂದು ಫಲಿತಾಂಶ ಇದೆ. ಮಾತಾಡಿದವರಿಗೆ ಮನಸ್ಸಿನ ಸಂಕಟ ಇಳಿಯಿತು, ನೋವು ಕೂಡ ಕಮ್ಮಿ ಅನ್ನಿಸಿತು. ಅದರಲ್ಲೂ ಶುರುವಿನಲ್ಲಿ ಯಾರು ತುಂಬ ಕುಗ್ಗಿದ್ದರೋ ಅವರಿಗೇ ಜಾಸ್ತಿ ಪ್ರಯೋಜನ. ನಿಮ್ಮ ಹೆಂಡತಿ ಯಾವ ಸಾಲಿಗೆ ಸೇರುತ್ತಾರೆ ಅಂತ ನಿಮ್ಮ ಪತ್ರವೇ ಹೇಳುತ್ತಿದೆ.

ಧೈರ್ಯದ ಮಾತಿನಲ್ಲಿ ಇನ್ನೊಂದು ತೊಂದರೆ ಇದೆ. ಧೈರ್ಯ ಇದ್ದರೆ ಹೋಗುತ್ತದೆ ಅಂದರೆ, ಹೋಗದಿದ್ದರೆ ಅವಳಿಗೆ ಧೈರ್ಯ ಸಾಲಲಿಲ್ಲ ಅಂತ ಆಯಿತು, ಅಲ್ವಾ? ಕಾಯಿಲೆಯ ಜತೆ ಅದರ ಹೊಣೆಯನ್ನೂ ಹೊರಿಸಿದ ಹಾಗೆ. ಬೆಳಗ್ಗೆ ಬೇಸರವಾದರೆ, ಅಯ್ಯೋ ನಾನು ಬೇಸರ ಮಾಡಿಕೊಂಡೆ, ಇನ್ನು ಕಾಯಿಲೆ ವಾಪಸ್ ಬರುತ್ತದೆ ಅಂತ ಮಧ್ಯಾಹ್ನ ಹೆದರುವವರಿದ್ದಾರೆ. ನಾನೇನೂ ದೊಡ್ಡ ಜಾಣೆ ಅಲ್ಲ. ಕೌನ್ಸೆಲರ್ ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೀಮೋ ವಾರ್ಡಿನಲ್ಲಿ ಒಬ್ಬ ಅಜ್ಜಿಗೆ "ಧೈರ್ಯವಾಗಿರಿ ಅಮ್ಮ" ಅಂದಿದ್ದೆ. ಅವರು ನನ್ನನ್ನೇ ನೋಡಿ, "ಎಲ್ಲರೂ ಇದನ್ನೇ ಕೊಟ್ಟು ಹೋಗುತ್ತಾರೆ ಮಗಾ. ಇಟ್ಟುಕೊಳ್ಳಲು ನನ್ನಲ್ಲಿ ಜಾಗ ಇಲ್ಲ" ಅಂದರು. ಅಂದಿನಿಂದ ಆ ಮಾತು ಬಿಟ್ಟೆ. ಅಣ್ಣನವರಿಗೆ ಕೆಟ್ಟ ಮನಸ್ಸು ಇರಲಿಕ್ಕಿಲ್ಲ. ಅವರ ಹತ್ತಿರ ವಾದ ಮಾಡಬೇಡಿ. ಬಿಪಿಗೆ ಹೋದ ಹಾಗೆ ಇದಕ್ಕೂ ಹೋಗುತ್ತೇವೆ ಅನ್ನಿ, ಸಾಕು.

ಮನಸ್ಸು ದೇಹಕ್ಕೆ ನಿಜವಾಗಿ ತಾಗುವ ಒಂದು ದಾರಿ ನಿಮ್ಮ ಮನೆಯಲ್ಲೇ ಇದೆ. ಟ್ಯಾಮೊಕ್ಸಿಫೆನ್ ಸ್ಟ್ರಿಪ್. ಹಾರ್ಮೋನಿಗೆ ಸ್ಪಂದಿಸುವ ಸ್ತನ ಕ್ಯಾನ್ಸರಿನಲ್ಲಿ ಈ ಮಾತ್ರೆಯನ್ನು 5 ವರ್ಷ ತೆಗೆದುಕೊಂಡರೆ ಕಾಯಿಲೆಯಿಂದ ಸಾಯುವ ಅಪಾಯ ಸುಮಾರು ಮೂರನೇ ಒಂದು ಪಾಲು ಇಳಿಯುತ್ತದೆ. ಕೆಲವರಿಗೆ 10 ವರ್ಷ ಹೇಳುತ್ತಾರೆ. ದಿನಕ್ಕೊಂದು ಮಾತ್ರೆ, ಸುಲಭ ಅನ್ನಿಸುತ್ತದೆ. ಆದರೆ ಮನಸ್ಸು ಸೋತವರು ಮೊದಲು ಕೈಬಿಡುವುದು ಇದನ್ನೇ. ನನ್ನ ಹತ್ತಿರ ಬಂದ ಒಬ್ಬರ ಮನೆಯಲ್ಲಿ, ಕಪಾಟಿನ ಸೀರೆಗಳ ಅಡಿಯಲ್ಲಿ ಒಡೆಯದ ಸ್ಟ್ರಿಪ್‌ಗಳು ರಾಶಿ ಬಿದ್ದಿದ್ದವು. ಗಂಡ ತಪ್ಪದೆ ತಿಂಗಳು ತಿಂಗಳು ತಂದುಕೊಡುತ್ತಿದ್ದರು, ಆಕೆ ತಪ್ಪದೆ ಒಳಗಿಡುತ್ತಿದ್ದರು. ಯಾಕೆ ಅಂತ ಕೇಳಿದ್ದಕ್ಕೆ, "ಅದನ್ನು ನುಂಗುವಾಗ ಮಾತ್ರ ನೆನಪಾಗುತ್ತದೆ" ಅಂದರು. ದಿನಕ್ಕೊಮ್ಮೆ ಕ್ಯಾನ್ಸರ್ ನೆನಪಾಗುವುದು ಬೇಡವಾಗಿತ್ತು, ಅಷ್ಟೆ. ಬೈದರೆ ಇದು ಸರಿಯಾಗುವುದಿಲ್ಲ. ನಾಲ್ಕು ಸಲ ಕೂತು ಮಾತಾಡಿದ ಮೇಲೆ ಮಾತ್ರೆಯನ್ನು ರಾತ್ರಿ ಊಟದ ಹೊತ್ತಿನಿಂದ ಬೆಳಗ್ಗೆ ಕಾಫಿಯ ಹೊತ್ತಿಗೆ ಬದಲಾಯಿಸಿದೆವು. ರಾತ್ರಿಯ ಹೆದರಿಕೆಗೆ ಅದು ಜತೆಯಾಗಬಾರದು ಅಂತ. ಈಗ ತೆಗೆದುಕೊಳ್ಳುತ್ತಿದ್ದಾರೆ.

ನಿಮ್ಮ ಹೆಂಡತಿ ರಾತ್ರಿ ಎದ್ದು ಕೂರುತ್ತಾರೆ ಅಂದಿರಿ. ಮೈ ಬಿಸಿಯಾಗಿ, ಬೆವರಿ, ನೈಟಿ ಒದ್ದೆಯಾಗಿ ಏಳುತ್ತಾರಾ? ಕೇಳಿ ನೋಡಿ. ಈ ವಯಸ್ಸಿನಲ್ಲಿ ಕೀಮೋದಿಂದ ಮುಟ್ಟು ತಟ್ಟನೆ ನಿಂತಿರಬಹುದು, ಮೇಲಿಂದ ಟ್ಯಾಮೊಕ್ಸಿಫೆನ್. ಎರಡೂ ಸೇರಿ ರಾತ್ರಿ ನಾಲ್ಕೈದು ಸಲ ಎಬ್ಬಿಸುತ್ತವೆ. ತಿಂಗಳುಗಟ್ಟಲೆ ನಿದ್ದೆ ಕೆಟ್ಟರೆ ಯಾರಿಗಾದರೂ ಮಾತು ಬೇಡ ಅನ್ನಿಸುತ್ತದೆ. ರಕ್ತ ಕಮ್ಮಿ ಇರುವುದು, ಥೈರಾಯ್ಡ್ ಏರುಪೇರು, ಇವೂ ಬೇಸರದ ಹಾಗೇ ಕಾಣುತ್ತವೆ. ಎಲ್ಲವನ್ನೂ ಮನಸ್ಸಿನ ಲೆಕ್ಕಕ್ಕೆ ಬರೆಯುವ ಮೊದಲು ಒಂದು ರಕ್ತಪರೀಕ್ಷೆ ಆಗಲಿ.

ಇಲ್ಲೊಂದು ಎಚ್ಚರಿಕೆ. ಡಿಪ್ರೆಶನ್ ಮಾತ್ರೆ ಬೇಕಾದರೆ ಬರೆಯುವ ಡಾಕ್ಟರಿಗೆ ಟ್ಯಾಮೊಕ್ಸಿಫೆನ್ ವಿಷಯ ಮೊದಲೇ ಹೇಳಿ. ಟ್ಯಾಮೊಕ್ಸಿಫೆನ್ ಹೊಟ್ಟೆಗೆ ಹೋದ ಹಾಗೇ ಪೂರ್ತಿ ಕೆಲಸ ಮಾಡುವುದಿಲ್ಲ. ಲಿವರಿನಲ್ಲಿ ಒಂದು ಕಿಣ್ವ ಅದನ್ನು ಬಲವಾದ ರೂಪಕ್ಕೆ ಬದಲಾಯಿಸಬೇಕು. ಪ್ಯಾರೊಕ್ಸೆಟಿನ್, ಫ್ಲುಯೊಕ್ಸೆಟಿನ್ ಎಂಬ ಎರಡು ಮಾತ್ರೆಗಳು ಆ ಕಿಣ್ವವನ್ನೇ ತಡೆಯುತ್ತವೆ. ಅದಕ್ಕೇ ಟ್ಯಾಮೊಕ್ಸಿಫೆನ್ ತೆಗೆದುಕೊಳ್ಳುವವರಿಗೆ ಸಾಮಾನ್ಯವಾಗಿ ಅವನ್ನು ಬರೆಯುವುದಿಲ್ಲ. ವೆನ್ಲಾಫ್ಯಾಕ್ಸಿನ್‌ನಂಥ ಬೇರೆ ಮಾತ್ರೆಗಳಿವೆ. ಅದು ಆ ಬಿಸಿ ಏರುವುದನ್ನೂ ಕಮ್ಮಿ ಮಾಡುತ್ತದೆ. ಈಗಾಗಲೇ ಯಾವುದಾದರೂ ಶುರುವಾಗಿದ್ದರೆ ನೀವಾಗಿ ನಿಲ್ಲಿಸಬೇಡಿ, ಡಾಕ್ಟರಿಗೆ ಫೋನ್ ಮಾಡಿ ಕೇಳಿ.

ಇನ್ನು, ಚಿಕಿತ್ಸೆ ನಡೆಯುವಾಗ ಗಟ್ಟಿ ಇದ್ದವರು ಎಲ್ಲ ಮುಗಿದ ಮೇಲೆ ಯಾಕೆ ಕುಸಿಯುತ್ತಾರೆ? ಇದು ನಿಮ್ಮ ಮನೆಯ ವಿಚಿತ್ರ ಅಲ್ಲ, ಬಹಳ ಸಾಮಾನ್ಯ. ಚಿಕಿತ್ಸೆಯ ತಿಂಗಳುಗಳಲ್ಲಿ ಒಂದು ಪಟ್ಟಿ ಇರುತ್ತದೆ. ಇಂಥ ದಿನ ರಕ್ತ ಕೊಡುವುದು, ಇಂಥ ದಿನ ಕೀಮೋ. ನೆಂಟರು ಹಣ್ಣು ಹಿಡಿದು ಬರುತ್ತಾರೆ. ನರ್ಸ್ ಹೆಸರು ಹಿಡಿದು ಕರೆಯುತ್ತಾರೆ. ಕೊನೆಯ ಕರೆಂಟ್ ಆದ ದಿನ ಎಲ್ಲರೂ "ಮುಗಿಯಿತಲ್ಲ" ಅಂತ ಕೈ ತೊಳೆದುಕೊಳ್ಳುತ್ತಾರೆ. ಅವರಿಗೆ ಆಗ ಶುರು. ಸೊಂಟ ನೋವು ಬಂದರೆ ಎಲುಬಿಗೆ ಬಂತಾ? ತಲೆನೋವು ಬಂದರೆ ಮೆದುಳಿಗಾ? ಚೆಕಪ್‌ಗೆ ವಾರ ಇರುವಾಗಲೇ ನಿದ್ದೆ ಹೋಗುತ್ತದೆ. ಮಂಗಳೂರಿಗೆ ಹೋಗುವ ದಾರಿಯಲ್ಲಿ ಕುಂಬಳೆ ಬರುವವರೆಗೆ ಮಾತಾಡುತ್ತಿದ್ದವರು ತಲಪಾಡಿ ದಾಟಿದ ಮೇಲೆ ಕಿಟಕಿ ನೋಡುತ್ತಾ ಕೂರುತ್ತಾರೆ. 2020ರಲ್ಲಿ ಅದೇ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿ ರೋಗಿಗಳು ಈಚೆ ಕಡೆ ಸಿಕ್ಕಿಬಿದ್ದ ನೆನಪು ಬೇರೆ ನಮ್ಮ ಕಡೆಯವರಿಗೆ ಇದೆ. "ಮತ್ತೆ ಬಂದರೆ, ಆಗ ಹೋಗಲು ಬಿಡದಿದ್ದರೆ" ಅನ್ನುವ ಹೆದರಿಕೆಯನ್ನು ಬೆಂಗಳೂರಿನ ರೋಗಿಯ ಬಾಯಲ್ಲಿ ನಾನು ಕೇಳಿಲ್ಲ.

ಕೌನ್ಸೆಲಿಂಗ್‌ನಲ್ಲಿ ಏನು ಮಾಡುತ್ತಾರೆ ಅಂತಲೂ ಹೇಳಬೇಕು. ಮೊದಲ ದಿನ ಎಷ್ಟೋ ಕಡೆ ಒಂದು ಹಾಳೆ ಕೊಡುತ್ತಾರೆ. ಅದರಲ್ಲಿ ಜ್ವರ ನೋಡುವ ಥರ್ಮಾಮೀಟರಿನ ಚಿತ್ರ, 0ಯಿಂದ 10ರವರೆಗೆ. ಕಳೆದ ಒಂದು ವಾರದಲ್ಲಿ ಸಂಕಟ ಎಷ್ಟಿತ್ತು ಅಂತ ಗೆರೆ ಹಾಕಬೇಕು. 4 ಅಥವಾ ಅದಕ್ಕಿಂತ ಮೇಲಿದ್ದರೆ ಸ್ವಲ್ಪ ವಿವರವಾಗಿ ಕೇಳುತ್ತೇವೆ. ಪಕ್ಕದಲ್ಲಿ ಒಂದು ಪಟ್ಟಿ. ನಿದ್ದೆ, ದುಡ್ಡು, ಮಕ್ಕಳು, ಮೈ ನೋವು, ದೇವರ ಮೇಲಿನ ನಂಬಿಕೆ. ಹುಚ್ಚು ಅನ್ನುವ ಪದ ಎಲ್ಲೂ ಇಲ್ಲ. ಆಮೇಲೆ ಮುಕ್ಕಾಲು ಗಂಟೆ ಮಾತು. ಸಾಮಾನ್ಯವಾಗಿ ಆರರಿಂದ ಎಂಟು ಸಲ ಸಾಕಾಗುತ್ತದೆ. ಹೆದರಿಕೆಯ ಯೋಚನೆ ಬಂದಾಗ ಅದರ ಹಿಂದೆ ಓಡದೆ ಇರುವುದು ಹೇಗೆ, ಮಲಗುವ ಹೊತ್ತು ಸರಿ ಮಾಡಿಕೊಳ್ಳುವುದು ಹೇಗೆ, ಯಾವ ನೋವಿಗೆ ಎರಡು ವಾರ ಕಾಯಬಹುದು, ಯಾವುದಕ್ಕೆ ನಾಳೆಯೇ ಹೋಗಬೇಕು, ಇಂಥ ಕೆಲಸದ ಮಾತುಗಳೇ ಅರ್ಧ. ಉಳಿದರ್ಧ ಅಳು. ಅಳು ಬಂದರೆ ಬರಲಿ.

ಯಾವ ಭಾಷೆಯಲ್ಲಿ ಮಾತಾಡುತ್ತಾರೆ ಅನ್ನುವುದು ಕಾಸರಗೋಡಿನವರಿಗೆ ದೊಡ್ಡ ವಿಷಯ. ನಾನು ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ನಮ್ಮಲ್ಲಿ ಕೆಲವರು ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೆ ಹೋಗುತ್ತಾರೆ, ಕೆಲವರು ಮಂಗಳೂರಿಗೆ. ಮಲಯಾಳ ಎಲ್ಲರಿಗೂ ಒಂದು ಮಟ್ಟಕ್ಕೆ ಬರುತ್ತದೆ. ಬಸ್ಸಿಗೆ, ಪಂಚಾಯತಿಗೆ, ಔಷಧಿ ಅಂಗಡಿಗೆ ಸಾಕಾಗುವಷ್ಟು. ನನಗೆ ನೆನಪಿರುವ ಒಬ್ಬ ಹೆಂಗಸು, ಮನೆಯಲ್ಲಿ ಹವ್ಯಕ ಭಾಷೆ, ಒಂದು ಕಡೆ ಮೂರು ಸಲ ಮಲಯಾಳದಲ್ಲಿ ಕೌನ್ಸೆಲಿಂಗ್ ಆಗಿ ಬಂದಿದ್ದರು. ಫೈಲಿನಲ್ಲಿ "ತೊಂದರೆ ಏನೂ ಇಲ್ಲ" ಅಂತ ಬರೆದಿತ್ತು. ಕೌನ್ಸೆಲರಿನ ತಪ್ಪಲ್ಲ. ನಿದ್ದೆ ಬರುತ್ತದಾ ಅಂದರೆ "ಕುಳಪ್ಪಮಿಲ್ಲ", ಅಂದರೆ ತೊಂದರೆ ಇಲ್ಲ. ಊಟ? "ಕುಳಪ್ಪಮಿಲ್ಲ". ಮನಸ್ಸು? "ಕುಳಪ್ಪಮಿಲ್ಲ". ಕಲಿತ ಭಾಷೆಯಲ್ಲಿ ಅವರಿಗೆ ಬಾಯಿಗೆ ಸುಲಭವಾಗಿ ಸಿಗುತ್ತಿದ್ದ ಪದ ಅದೊಂದೇ. ನಾನು ಅವರದೇ ಮಾತಿನಲ್ಲಿ "ಎಂತ ಆವ್ತು ಅಕ್ಕ?" ಅಂತ ಕೇಳಿದ್ದಷ್ಟೆ. ಅರ್ಧ ಗಂಟೆ ನಾನು ಬಾಯಿ ಬಿಡಬೇಕಾಗಲಿಲ್ಲ.

ಆದ್ದರಿಂದ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಕೇಳಿ. ಕನ್ನಡ ಬರುವವರು ಯಾರು, ಯಾವ ದಿನ ಇರುತ್ತಾರೆ, ಮನೆಯ ಮಾತು ತುಳುವೋ ಕೊಂಕಣಿಯೋ ಆಗಿದ್ದರೆ ಅದು ಬರುವವರಿದ್ದಾರಾ. ಕೇಳಲು ಸಂಕೋಚ ಬೇಡ. ಇಲ್ಲದಿದ್ದರೆ ನಡುವೆ ಹೇಳಿಕೊಡಲು ಒಬ್ಬ ನರ್ಸ್ ಇರಲಿ. ಗಂಡ ಅಥವಾ ಮಗಳು ಆ ಕೆಲಸ ಮಾಡಬಾರದು. ಮಗಳ ಬಾಯಿಂದ ದಾಟಬೇಕು ಅಂದರೆ ಯಾವ ತಾಯಿ ನಿಜ ಹೇಳುತ್ತಾಳೆ? ಮತ್ತೆ, ನಮ್ಮ ಹೆಂಗಸರು "ಎದೆ ಉರಿಯುತ್ತದೆ", "ಹೊಟ್ಟೆಯೊಳಗೆ ಬೆಂಕಿ" ಅಂದರೆ ಅದು ಗ್ಯಾಸ್ ಇರಬಹುದು, ಸಂಕಟವೂ ಇರಬಹುದು. ಭಾಷೆ ಗೊತ್ತಿಲ್ಲದವರು ಗ್ಯಾಸಿನ ಮಾತ್ರೆ ಬರೆದು ಕಳಿಸುತ್ತಾರೆ.

ದೂರ ಹೋಗಲು ಆಗದ ದಿನಕ್ಕೆ ಎರಡು ದಾರಿ ಹೇಳುತ್ತೇನೆ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಎಂಬ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ನಂಬರು 14416. ಉಚಿತ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲೂ ಸೇವೆ ಇದೆ. ಕೇರಳದಿಂದ ಫೋನ್ ಮಾಡಿದಾಗ ಮಲಯಾಳದಲ್ಲಿ ಎತ್ತಿಕೊಂಡರೆ ಕನ್ನಡ ಬೇಕು ಅಂತ ಹೇಳಿ. ಇನ್ನೊಂದು ನಿಮ್ಮ ಪಂಚಾಯತಿಯ ಪ್ಯಾಲಿಯೇಟಿವ್ ನರ್ಸ್, ಅಂದರೆ ದೊಡ್ಡ ಕಾಯಿಲೆಯವರ ನೋವು, ಸಂಕಟ ಇಳಿಸುವ ಆರೈಕೆಯ ನರ್ಸ್. ದೇಶದಲ್ಲಿ ಮೊದಲು ಪ್ಯಾಲಿಯೇಟಿವ್ ನೀತಿ ತಂದ ರಾಜ್ಯ ಕೇರಳ, 2008ರಲ್ಲಿ. ಅದರಿಂದಾಗಿ ಮನೆ ಬಾಗಿಲಿಗೆ ನರ್ಸ್ ಬರುವ ವ್ಯವಸ್ಥೆ ಇದೆ. ಪ್ಯಾಲಿಯೇಟಿವ್ ಅಂದ ಕೂಡಲೇ "ಸಾಯುವವರಿಗೆ" ಅಂತ ಬಾಗಿಲು ಹಾಕುವವರು ಜಾಸ್ತಿ. ಹಾಗೇನಿಲ್ಲ. ನಿಮಗೆ ಸದ್ಯ ಮನೆಭೇಟಿ ಬೇಡವಾದರೂ ಆಶಾ ಕಾರ್ಯಕರ್ತೆಯ ಮೂಲಕ ಅವರ ಪರಿಚಯ ಮಾಡಿಟ್ಟುಕೊಳ್ಳಿ. ಹತ್ತಿರದಲ್ಲಿ ಕನ್ನಡ ಬರುವ ಕೌನ್ಸೆಲರ್ ಯಾರಿದ್ದಾರೆ ಅಂತ ಅವರಿಗೆ ಗೊತ್ತಿರಬಹುದು.

ಈಗ ಚಾವಡಿಗೆ ಬರೋಣ.

ನೀವು ಯಾಕೆ ಅಲ್ಲಿ ಮಲಗುತ್ತೀರಿ ಅಂತ ನನಗೆ ಹೇಳಿದ್ದೀರಿ. ಅವರಿಗೆ ಹೇಳಿದ್ದೀರಾ? ನಿಮ್ಮ ಲೆಕ್ಕದಲ್ಲಿ ಅದು ಪ್ರೀತಿ. ನಿದ್ದೆಯಲ್ಲಿ ಕೈ ತಾಗಿ ಗಾಯಕ್ಕೆ ನೋವಾದೀತು, ಗೊರಕೆಗೆ ಎಚ್ಚರವಾದೀತು. ಅವರ ಲೆಕ್ಕ ಬೇರೆ ಇರಬಹುದು. ಸ್ತನ ತೆಗೆದರು, ಗಂಡ ಕೋಣೆಯಿಂದ ಎದ್ದು ಹೋದರು. ಒಂದು ವರ್ಷ ಆಯಿತು, ವಾಪಸ್ ಬರಲಿಲ್ಲ. ಇಷ್ಟೇ ಅವರಿಗೆ ಕಾಣುವುದು. ಈ ಒಂದು ವಿಷಯವನ್ನು ನಾನು ಎಷ್ಟು ಮನೆಗಳಲ್ಲಿ ಕಂಡಿದ್ದೇನೆ ಅಂದರೆ, ಈಗ ಗಂಡಂದಿರು ಬಂದರೆ ಮೊದಲು ಎಲ್ಲಿ ಮಲಗುತ್ತೀರಿ ಅಂತಲೇ ಕೇಳುತ್ತೇನೆ.

ಇನ್ನೊಂದು ಊಹೆ ಮಾಡುತ್ತೇನೆ, ತಪ್ಪಿದ್ದರೆ ಬಿಡಿ. ಮನೆಯಲ್ಲಿ ನೈಟಿಯ ಮೇಲೆ ಯಾವಾಗಲೂ ಒಂದು ಬೈರಾಸು (ಟವೆಲ್) ಹಾಕಿಕೊಂಡಿರುತ್ತಾರೆ, ಎಡ ಹೆಗಲ ಮೇಲೆ. ಸೆಕೆಗಾಲದಲ್ಲೂ. ಸೀರೆ ಉಟ್ಟರೆ ಸೆರಗು ಎಡಕ್ಕೇ ಬರುವುದರಿಂದ ಮುಚ್ಚುತ್ತದೆ. ನೈಟಿಯಲ್ಲಿ ಮುಚ್ಚುವುದಿಲ್ಲ. ಅಂಗಳದಲ್ಲಿ ಅಡಿಕೆ ಹರಡುವಾಗ ಯಾರಾದರೂ ಬಂದರೆ ಕೈ ತಾನಾಗಿ ಬೈರಾಸಿಗೆ ಹೋಗುತ್ತದೆ. ಕೋಣೆಯ ಕನ್ನಡಿಯ ಮೇಲೆ ಸೀರೆ ನೇತುಹಾಕಿರುತ್ತಾರೆ. ಮದುವೆಮನೆಗೆ ಬರದಿರುವುದಕ್ಕೂ ಕಾರಣ ಇದೇ ಇರಬಹುದು. ಅಲ್ಲಿ "ಈಗ ಹೇಗಿದ್ದೀ?" ಅಂತ ಕೇಳುವವರ ಬಾಯಿ ಒಂದು ಕಡೆ, ಕಣ್ಣು ಇನ್ನೊಂದು ಕಡೆ. ಹೆಂಗಸರಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಇದಕ್ಕೆ ಸರಳ ಉಪಾಯಗಳಿವೆ. ಬ್ರಾ ಒಳಗೆ ಇಡುವ ಸಿಲಿಕಾನ್ ಸ್ತನ ಸಿಗುತ್ತದೆ. ಹತ್ತಿ ನೂಲಿನಿಂದ ಹೆಣೆದ ಹಗುರವಾದದ್ದೂ ಇದೆ, ನಮ್ಮ ಸೆಕೆಗೆ ಅದೇ ಆರಾಮ. ಸಿಲಿಕಾನಿನದಕ್ಕೆ ಸ್ವಲ್ಪ ತೂಕ ಇರುವುದರಿಂದ ಹೆಗಲು ಒಂದು ಬದಿಗೆ ವಾಲುವುದು ಕಮ್ಮಿಯಾಗುತ್ತದೆ. ಆಪರೇಷನ್ ಮಾಡಿದ ವಿಭಾಗದಲ್ಲಿ ಕೇಳಿದರೆ ಎಲ್ಲಿ ಸಿಗುತ್ತದೆ ಅಂತ ಹೇಳುತ್ತಾರೆ. ನೀವೇ ಕೊಂಡು ತಂದು ಕೈಗೆ ಕೊಡಬೇಡಿ. ಇದನ್ನು ಹಾಕಿಕೊಂಡರೆ ಮಾತ್ರ ಸರಿ ಅಂತ ಅವರಿಗೆ ಕೇಳಿಸುತ್ತದೆ. ಹೀಗೊಂದು ಉಂಟಂತೆ, ಬೇಕಾದರೆ ಕೇಳೋಣ ಅನ್ನಿ. ಬೇಡ ಅಂದರೆ ಬೇಡ.

ಮಲಗುವ ವಿಷಯ ಹೇಗೆ ಎತ್ತುವುದು? ಉದ್ದ ಭಾಷಣ ಬೇಡ. "ನನ್ನ ಕೈ ತಾಗುತ್ತದೋ ಅಂತ ಹೆದರಿಕೆಯಾಗಿ ಆಚೆ ಮಲಗಿದ್ದು. ಆಮೇಲೆ ವಾಪಸ್ ಬರುವುದು ಹೇಗೆ ಅಂತ ಗೊತ್ತಾಗಲಿಲ್ಲ." ಇಷ್ಟು ಸಾಕು, ಇದು ನಿಜವೂ ಇರಬೇಕು. ಅವರು ಏನೂ ಹೇಳದೆ ಎದ್ದು ಅಡುಗೆಮನೆಗೆ ಹೋಗಬಹುದು. ಹೋಗಲಿ. ಗಾಯದ ಜಾಗ ನೋಡಬೇಕು, ಮುಟ್ಟಬೇಕು ಅಂತ ನೀವಾಗಿ ಆತುರ ಮಾಡಬೇಡಿ. ಅವರು ತೋರಿಸಿದರೆ ಮುಖ ತಿರುಗಿಸಬೇಡಿ. ಗಂಡ ಹೆಂಡತಿಯ ಸಂಬಂಧದ ಬಗ್ಗೆಯೂ ಎರಡು ಮಾತು. ಮುಟ್ಟು ನಿಂತು, ಮಾತ್ರೆಯಿಂದ ಒಣಗಿದ ಹಾಗಾಗಿ ನೋವಾಗುವುದಿದೆ. ಅದಕ್ಕೆ ನೀರಿನಂಶದ ಜೆಲ್ ಇದೆ. ಹಾರ್ಮೋನ್ ಇರುವ ಮುಲಾಮನ್ನು ಕ್ಯಾನ್ಸರ್ ಡಾಕ್ಟರನ್ನು ಕೇಳದೆ ಹಚ್ಚಬಾರದು. ಇದನ್ನೆಲ್ಲ ಕೌನ್ಸೆಲಿಂಗ್‌ನಲ್ಲಿ ಕೇಳಬಹುದಾ ಅಂತ ಸಂಕೋಚ ಬೇಡ. ನಾವು ಅದಕ್ಕೇ ಕೂತಿರುವುದು.

"ನೀನು ಏನೂ ಮಾಡಬೇಡ, ಸುಮ್ನೆ ಕೂತಿರು" ಅನ್ನುವುದನ್ನೂ ಸ್ವಲ್ಪ ಕಮ್ಮಿ ಮಾಡಿ. ಮೊದಲು ಅಡಿಕೆ ಸುಲಿಯುವುದರಿಂದ ಹಿಡಿದು ಕುಟುಂಬಶ್ರೀ ಮಹಿಳಾ ಸಂಘದ ಸಭೆಯ ಪುಸ್ತಕ ಬರೆಯುವವರೆಗೆ ಮಾಡುತ್ತಿದ್ದವರು ಇದ್ದಕ್ಕಿದ್ದ ಹಾಗೆ ಮನೆಯ ಅತಿಥಿಯಾದರೆ ಮನಸ್ಸು ಕುಗ್ಗದೆ ಇರುತ್ತದಾ? ಎಡಗೈ ಊದಿಕೊಳ್ಳುವ ಹೆದರಿಕೆಯಿಂದ ಕೆಲಸ ಪೂರಾ ಬಿಡಿಸುವುದು ಹಳೆಯ ಪದ್ಧತಿ. ಫಿಸಿಯೋಥೆರಪಿಸ್ಟ್ ತೋರಿಸಿದ ಹಾಗೆ ನಿಧಾನವಾಗಿ ಕೈಗೆ ಶಕ್ತಿ ತಂದುಕೊಳ್ಳಬಹುದು. ಅವರು ಬಿಟ್ಟ ಕೆಲಸಗಳಲ್ಲಿ ಅವರಿಗೇ ಇಷ್ಟವಿದ್ದ ಒಂದನ್ನು ವಾಪಸ್ ಕೊಡಿ. ದಿನಕ್ಕೆ ಅರ್ಧ ಗಂಟೆ ನಡಿಗೆ ಇರಲಿ. ಸಾಯಂಕಾಲ ತೋಟದ ಬದಿಯಲ್ಲಿ ಇಬ್ಬರೂ ನಡೆದರೆ ಸಾಕು. ಕೀಮೋ ನಂತರದ ಸುಸ್ತಿಗೆ ಮಲಗುವುದಕ್ಕಿಂತ ನಡೆಯುವುದೇ ಒಳ್ಳೆಯದು ಅಂತ ಎಷ್ಟೋ ಅಧ್ಯಯನಗಳು ತೋರಿಸಿವೆ.

ಮಗಳ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಸ್ತನ ಕ್ಯಾನ್ಸರಿನಲ್ಲಿ ವಂಶದಿಂದ ಬರುವುದು 100ರಲ್ಲಿ ಸುಮಾರು 5ರಿಂದ 10 ಮಾತ್ರ. ಅಜ್ಜಿ, ಚಿಕ್ಕಮ್ಮ ಅಂತ ಇನ್ನೂ ಯಾರಿಗಾದರೂ ಸ್ತನದ ಅಥವಾ ಅಂಡಾಶಯದ ಕ್ಯಾನ್ಸರ್ ಇದ್ದಿದ್ದರೆ ಜೀನ್ ಪರೀಕ್ಷೆ ಬೇಕಾ ಅಂತ ಡಾಕ್ಟರನ್ನು ಕೇಳಿ. ಮದುವೆ ಮಾತಿಗಾಗಿ ಕಾಯಿಲೆ ಮುಚ್ಚಿಡುವ ಮನೆಗಳಿವೆ. ಮುಚ್ಚಿಡುವ ಭಾರ ಬೀಳುವುದು ಕಾಯಿಲೆಯವರ ಮೇಲೇ. ಅವರು ಮದುವೆಗಳಿಗೆ ಬರದಿರುವುದು "ನನ್ನಿಂದ ಮಗಳಿಗೆ ಅಡ್ಡಿಯಾಗಬಾರದು" ಅಂತಲೂ ಇರಬಹುದು. ಮಗಳಿಗೆ 22 ಆಯಿತಲ್ಲ, ಅವಳನ್ನೂ ಕೂರಿಸಿಕೊಂಡು ಮೂವರೂ ಒಮ್ಮೆ ಮಾತಾಡಿ. ಯಾರಿಗೆ ಏನು ಹೇಳುವುದು ಅಂತ ಅವಳದೂ ಒಂದು ಮಾತು ಇರಲಿ.

ಕೆಲವು ಸೂಚನೆ ಕಂಡರೆ ಮಾತ್ರ ಚೆಕಪ್ ದಿನಕ್ಕೆ ಕಾಯಬೇಡಿ. ಎರಡು ವಾರ ಸತತವಾಗಿ ಸರಿಯಾಗಿ ಊಟ ಮಾಡದಿರುವುದು, "ನಾನು ಇದ್ದು ಏನು ಪ್ರಯೋಜನ", "ನಿಮಗೆಲ್ಲ ಭಾರ" ಅನ್ನುವ ಮಾತು, ಮಾತ್ರೆ ಕೂಡಿಡುವುದು, ಒಡವೆ ಹಂಚುವುದು. ಆಗ ನೇರವಾಗಿ ಕೇಳಿ, ಸಾಯಬೇಕು ಅನ್ನಿಸುತ್ತದಾ ಅಂತ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತದೆ ಅನ್ನುವುದು ತಪ್ಪು ಕಲ್ಪನೆ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಅಂದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ದಾರಿಯಲ್ಲೇ 14416ಕ್ಕೂ ಫೋನ್ ಮಾಡಬಹುದು. ತೋಟಕ್ಕೆ ಹೊಡೆಯುವ ಔಷಧಿಗಳನ್ನು ಇವತ್ತೇ ಬೀಗದೊಳಗೆ ಇಡಿ. ಕೃಷಿಕರ ಎಲ್ಲ ಮನೆಯವರಿಗೂ ನಾನು ಇದನ್ನು ಹೇಳುತ್ತೇನೆ, ನಿಮಗೆಂದೇ ವಿಶೇಷವಾಗಿ ಅಲ್ಲ.

ನಿಮ್ಮ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ. ಒಂದು ವರ್ಷದಿಂದ ಆಸ್ಪತ್ರೆ, ತೋಟ, ಸಾಲ, ಅಣ್ಣನ ಮಾತು. ಚಾವಡಿಯಲ್ಲಿ ನಿಮಗೆ ನಿದ್ದೆ ಬರುತ್ತದಾ? ಕೌನ್ಸೆಲಿಂಗ್ ಗಂಡಂದಿರಿಗೂ ಇದೆ. ಬೇಕಾದರೆ ಒಂದು ಸಲ ನೀವೊಬ್ಬರೇ ಬನ್ನಿ.

ಮೊದಲ ಸಲ ಹೋಗುವಾಗ ಚೆಕಪ್ ದಿನವನ್ನೇ ಇಟ್ಟುಕೊಳ್ಳಿ, ಎರಡು ಸಲ ಬಸ್ಸು ಹತ್ತುವುದು ತಪ್ಪುತ್ತದೆ. ಅವರು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳನ್ನೂ, ಆಯುರ್ವೇದದ್ದು, ನಾಟಿ ಮದ್ದು ಇದ್ದರೆ ಅದನ್ನೂ, ಒಂದು ಚೀಲಕ್ಕೆ ಹಾಕಿ ತನ್ನಿ. ಒಳಗೆ ಮೊದಲು ಅವರೊಬ್ಬರೇ ಹೋಗಲಿ, ನೀವು ಹೊರಗೆ ಬೆಂಚಿನ ಮೇಲೆ ಕೂತಿರಿ. ಕಣ್ಣು ಕೆಂಪಗೆ ಮಾಡಿಕೊಂಡು ಬಂದರೆ ಗಾಬರಿಯಾಗಬೇಡಿ. ವಾಪಸ್ ಬರುವಾಗ ಒಳಗೆ ಏನು ಕೇಳಿದರು, ನೀನು ಏನು ಹೇಳಿದೆ ಅಂತ ವಿಚಾರಿಸಬೇಡಿ. ಕುಂಬಳೆಯಲ್ಲಿ ಇಳಿದು ಒಂದು ಚಹಾ ಕುಡಿಯಿರಿ. ಅವರೇ ಏನಾದರೂ ಹೇಳಲು ಶುರುಮಾಡಿದರೆ, ಬದಿಯಡ್ಕದ ಬಸ್ಸು ಒಂದು ತಪ್ಪಿದರೂ ಪರವಾಗಿಲ್ಲ, ಇನ್ನೊಂದು ಇರುತ್ತದೆ.